ಜಟ್ಟಿಯ ಅನ್ನ: ಕಿತ್ತೂರು ಸೀಮೆಯ ಮಲ್ಲವೃತ್ತಿಯನ್ನು ಕುರಿತು

ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿ ಗ್ರಾಮದಲ್ಲಿ ಒಂದು ಗರಡಿಮನೆಯಿದೆ. ರಾಯಣ್ಣನು ಸಾಮು ಮಾಡುವಾಗ ಬಳಸುತ್ತಿದ್ದನೆಂದು ಊರವರು ತೋರಿಸುವ ಮರದ ಭಾರಗಳು ಅಲ್ಲಿವೆ. ಅವನ್ನು ಕಂಡವರ ಮನಸ್ಸಿನಲ್ಲಿ ಸಹಜವಾಗಿ ಏಳುವ ಪ್ರಶ್ನೆ, ಇವನ್ನು ಎತ್ತಿ ಆಡಿಸಿದವನ ತೋಳಿನ ಬಲ ಎಷ್ಟಿದ್ದೀತು ಎಂಬುದು. ಇತಿಹಾಸದ ಅಭ್ಯಾಸಿಗಳಾದ ನಮಗೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ಆ ತೋಳಿಗೆ ಅನ್ನವನ್ನು ಹಾಕಿದವರು ಯಾರು? ಮೊದಲನೆಯ ಪ್ರಶ್ನೆಗೆ ಲಾವಣಿಕಾರರು ತಕ್ಕಷ್ಟು ಉತ್ತರ ಹೇಳಿದ್ದಾರೆ. ಎರಡನೆಯದನ್ನು ಕೇಳಿದವರು ಕಡಿಮೆ. ಪ್ರಕೃತ ಲೇಖನದಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯನ್ನು ಮುಂದಿಟ್ಟುಕೊಂಡು, ಅಗತ್ಯವೆನಿಸಿದೆಡೆ ಹೊರಗಿನ ಪ್ರಪಂಚದತ್ತಲೂ ದೃಷ್ಟಿ ಹರಿಸುತ್ತ, ಈ ಎರಡನೆಯ ಪ್ರಶ್ನೆಯನ್ನೇ ವಿಚಾರಿಸಬೇಕೆಂದು ಎಣಿಸಿದ್ದೇವೆ.

ನಾವು ಯಾರನ್ನು ಕುರಿತು ಮಾತನಾಡುತ್ತಿದ್ದೇವೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಈ ಸೀಮೆಯ ಹಳ್ಳಿಗಳಲ್ಲಿ ಗರಡಿಯ ಮಣ್ಣು ಮೈಗೆ ಹತ್ತದೆ ಬೆಳೆದ ಹುಡುಗರು ಒಂದು ಕಾಲಕ್ಕೆ ವಿರಳರಾಗಿದ್ದರು. ಅವರು ನಸುಕಿನಲ್ಲೆದ್ದು ಸಾಮು ತೆಗೆದು, ಹಗಲು ಹೊಲಕ್ಕೆ ಹೋಗಿ, ಜಾತ್ರೆಯ ದಿನ ಒಂದು ಕುಸ್ತಿ ಹಿಡಿದು ತೆಂಗಿನಕಾಯಿಯನ್ನೋ ರುಮಾಲನ್ನೋ ಗೆದ್ದು ತರುವವರು. ಅವರು ಕುಸ್ತಿ ಬಲ್ಲ ಒಕ್ಕಲಿಗರೇ ಹೊರತು ವೃತ್ತಿಮಲ್ಲರಲ್ಲ. ಅಂಥ ನೂರು ಜನರಲ್ಲಿ ಒಬ್ಬಿಬ್ಬರು ಮಾತ್ರ ಬೇರೆಯ ದಾರಿಯನ್ನು ಹಿಡಿಯುತ್ತಿದ್ದರು. ಅವರ ದಿನವೆಲ್ಲ ದಂಡ, ಬಸ್ಕಿ, ಲೋಡು, ಜೋರುಗಳಲ್ಲಿಯೇ ಕಳೆಯುವುದು. ಮೈಯನ್ನು ಹೊಲದ ಕೆಲಸಕ್ಕೆ ಹಚ್ಚಿದರೆ ಅದು ಸೆಟೆದು ಕುಸ್ತಿಗೆ ಒದಗದೆಂದು ವಸ್ತಾದರು ಹೇಳುವರು. ಇನ್ನು ಖುರಾಕು: ಸೇರುಗಟ್ಟಲೆ ಹಾಲು, ತುಪ್ಪ, ಬಾದಾಮಿ, ಕೆಲವರಿಗೆ ಮಾಂಸ ಮತ್ತು ಮೊಟ್ಟೆ. ಮಳೆಯನ್ನೇ ನಂಬಿ ಎರೆಹೊಲದಲ್ಲಿ ಜೋಳ ಬಿತ್ತುವ ಮನೆತನವು ಒಂದೆರಡು ಎಮ್ಮೆಗಳ ಹಾಲನ್ನೆಲ್ಲ ಒಬ್ಬನೇ ಮಗನಿಗೆ ಎರೆದು, ಅವನ ದುಡಿಮೆಯನ್ನೂ ಬಿಟ್ಟುಕೊಟ್ಟು, ಎಷ್ಟು ವರ್ಷ ತಾಳೀತು? ಮಲ್ಲನ ತೂಕ ಹೆಚ್ಚಿದಷ್ಟೂ ಅವನು ಮನೆಗೆ ಭಾರವಾಗುತ್ತ ಹೋಗುತ್ತಾನೆ. ಆದುದರಿಂದ ವೃತ್ತಿಮಲ್ಲನಿಗೆ ಮನೆಯ ಹೊರಗೆ ಒಬ್ಬ ಪೋಷಕನು ಬೇಕೇ ಬೇಕು.

ತೂಕದ ಮಾತು ಬಂದುದರಿಂದ ಇನ್ನೊಂದು ಅಂಶವನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಆಂಗ್ಲರ ಮುಷ್ಟಿಯುದ್ಧದಲ್ಲಿ ಸ್ಪರ್ಧಾಳುಗಳನ್ನು ತಕ್ಕಡಿಗೆ ಹಾಕಿ ಲೈಟ್‌ವೇಟ್, ಮಿಡ್ಲ್‌ವೇಟ್, ಹೆವಿವೇಟ್ ಎಂದು ವಿಂಗಡಿಸುವ ಪದ್ಧತಿ ಬೆಳೆಯಿತು. ನಮ್ಮ ಕಣದಲ್ಲಿ ತಕ್ಕಡಿಯಿರಲಿಲ್ಲ. ಪಂಚರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಕಣ್ಣಳತೆಯಲ್ಲಿಯೇ ಜೋಡಿ ಹಚ್ಚುತ್ತಿದ್ದರು. ಆದರೂ ಹೆವಿವೇಟ್ ಎಂಬ ಭಾವನೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮಧ್ಯಾಹ್ನ ಚಿಕ್ಕ ಹುಡುಗರಿಂದ ಮೊದಲಾದ ಕುಸ್ತಿಗಳು ಬರಬರುತ್ತ ಹಿರಿದಾಗಿ, ಹೊತ್ತು ಮುಳುಗುವ ವೇಳೆಗೆ ಕಡೆಯ ಕುಸ್ತಿಗೆ ಬರುತ್ತವೆ. ಬೆಳ್ಳಿಯ ಕಡಗವೂ ಹೆಚ್ಚಿನ ಹಣವೂ ಇರುವುದು ಅದಕ್ಕೇ. ಆ ಕಡೆಯ ಕುಸ್ತಿಯನ್ನು ಹಿಡಿಯುವವರು ಸಾಮಾನ್ಯವಾಗಿ ಭಾರಿ ಮೈಯವರು. ಹಗುರ ಮೈಯವನು ಎಷ್ಟೇ ಡಾವುಗಳನ್ನು ಬಲ್ಲವನಾದರೂ ಅವನ ಆಟ ನಡು ಮಧ್ಯಾಹ್ನಕ್ಕೇ ಮುಗಿಯುತ್ತದೆ. ಹೀಗಾಗಿ ನಮ್ಮಲ್ಲಿ ಮಲ್ಲವೃತ್ತಿಯ ಇತಿಹಾಸವೆಂದರೆ ಬಹುಮಟ್ಟಿಗೆ ಭಾರಿ ಮೈಯವರ ಇತಿಹಾಸವೇ.

ಪೋಷಕನ ಪ್ರಶ್ನೆಗೆ ಹಳೆಯ ಉತ್ತರವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕಾಣುತ್ತೇವೆ. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಗ್ರಂಥದ ಮಲ್ಲವಿನೋದವೆಂಬ ಭಾಗದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ಮೈಕಟ್ಟು, ಬಲಗಳಿಗನುಸಾರ ವಿಂಗಡಿಸಿದೆ. ಜಟ್ಟಿ ಎಂಬ ನಮ್ಮ ಮಾತು ಈ ಜ್ಯೇಷ್ಠಿ ಶಬ್ದದಿಂದಲೇ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಆ ಭಾಗದಲ್ಲಿ ಮಲ್ಲರಿಗೆ ಉದ್ದು, ಮಾಂಸ, ಸಕ್ಕರೆ ಬೆರೆಸಿದ ಮೊಸರು, ಹಾಲು, ತುಪ್ಪಗಳನ್ನು ಕೊಡಿಸಬೇಕೆಂದೂ ಅವರನ್ನು ಸ್ತ್ರೀಸಂಗದಿಂದ ದೂರವಿರಿಸಬೇಕೆಂದೂ ವಿಧಿಸಿದೆ. ಪಟ್ಟುಗಳ ವರ್ಣನೆಗಿಂತ ಈ ಊಟದ ಪಟ್ಟಿಯೇ ನಮಗೆ ಬೆಲೆಯುಳ್ಳದ್ದು. ರಾಜನು ಮಲ್ಲನ ಅಡಿಗೆಯ ಲೆಕ್ಕವನ್ನು ತನ್ನ ವಿನೋದದ ಭಾಗವೆಂದೇ ಎಣಿಸಿದ್ದನು. ಆ ಕಾಲದಲ್ಲಿ ಸುಗಂಧವರ್ತಿ ಎನಿಸಿದ್ದ ಸವದತ್ತಿಯ ಸೀಮೆಯು ಇದೇ ಚಾಲುಕ್ಯರಿಗೆ ಅಧೀನರಾದ ರಟ್ಟರ ಆಳಿಕೆಯಲ್ಲಿತ್ತೆಂಬುದನ್ನು ಓದುಗರು ಬಲ್ಲರು.

ಈ ಪೋಷಣೆಯ ಇನ್ನೊಂದು ಮುಖವನ್ನು ಅದಕ್ಕೂ ಹಿಂದಿನ ಒಂದು ಶಾಸನ ತೋರಿಸುತ್ತದೆ. ದೇಕಬ್ಬೆಯ ಸಹಗಮನದಿಂದ ಪ್ರಸಿದ್ಧವಾದ ಕ್ರಿ.ಶ. ೧೦೫೭ರ ಬೆಳತೂರಿನ ಶಾಸನದಲ್ಲಿ ಅವಳ ಗಂಡ ಏಚನು ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದ ಕಾರಣ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದನು. ದೇಕಬ್ಬೆಯ ಕಥೆಯನ್ನು ಪಾಠವಾಗಿ ಹೇಳುವಾಗ ನಾವು ಚಿತೆಯ ಬಳಿ ನಿಂತು ಅತ್ತುಬಿಡುತ್ತೇವೆ. ಚಿತೆಗೆ ಕಾರಣವಾದ ಕುಸ್ತಿಯನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಕಣದಲ್ಲಿ ಬಿದ್ದ ಹೆಣಕ್ಕೆ ಅರಸನು ಲೆಕ್ಕ ಕೇಳುತ್ತಿದ್ದನೆಂಬುದು ಮಲ್ಲವೃತ್ತಿಯ ಇತಿಹಾಸಕ್ಕೆ ಸಣ್ಣ ಸಂಗತಿಯಲ್ಲ.

ವಿಜಯನಗರಕ್ಕೆ ಬಂದರೆ ಸಾಕ್ಷ್ಯ ಹೆಚ್ಚು ನೇರವಾಗುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯಸನು ಮಹಾನವಮಿಯ ಮಲ್ಲರ ಕಾಳಗವು ತನ್ನ ನಾಡಿನದರಂತಿರದೆ, ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿರೂಪವಾಗುವ ಪೆಟ್ಟುಗಳಿಂದ ಕೂಡಿತ್ತೆಂದೂ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರೆಂದೂ ಬರೆದಿದ್ದಾನೆ. ಇದು ಕುಸ್ತಿಗಿಂತ ಮುಷ್ಟಿಯುದ್ಧಕ್ಕೆ ಹತ್ತಿರವಾದ ಚಿತ್ರ. ಸಮಬಲರನ್ನು ಜೋಡಿಸಲು ಅವರಿಗೆ ನಾಯಕರೂ ನಿರ್ಣಾಯಕರೂ ಇದ್ದರೆಂದು ಅವನು ಹೇಳುತ್ತಾನೆ. ಅಚ್ಯುತರಾಯನ ಕಾಲದ ನೂನಿಜನು ಅರಸನ ಬಳಿ ಸಾವಿರ ಮಂದಿ ಮಲ್ಲರಿದ್ದರೆಂದೂ, ಅವರು ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆಯ ವಸ್ತ್ರದ ಉಡುಗೊರೆಯಿತ್ತೆಂದೂ ತಿಳಿಸುತ್ತಾನೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನೆನೆದರೆ ಈ ವರ್ಣನೆ ಉತ್ಪ್ರೇಕ್ಷೆಯೆನಿಸದು. ನೂನಿಜನು ಸೇರಿಸುವ ಇನ್ನೊಂದು ಮಾತಿದೆ. ಈ ಮಲ್ಲರು ರಾಜ್ಯದಲ್ಲಿ ಬೇರಾವ ಸೇವೆಯನ್ನೂ ಮಾಡುತ್ತಿರಲಿಲ್ಲವಂತೆ. ಹೊಡೆದಾಟವೊಂದೇ ಉದ್ಯೋಗ, ಅರಸನ ಅನ್ನವೊಂದೇ ಜೀವನ. ವೃತ್ತಿಮಲ್ಲ ಎಂಬ ಪದಕ್ಕೆ ಇದಕ್ಕಿಂತ ಚೊಕ್ಕವಾದ ಲಕ್ಷಣ ಬೇಕಿಲ್ಲ.

ಈ ರಾಜಮಲ್ಲನ ಮಾದರಿಯನ್ನು ಕಿತ್ತೂರಿಗೆ ಹಾಗೆಯೇ ಅನ್ವಯಿಸಬಹುದೇ? ಕೆಲವರು ಅನ್ವಯಿಸುತ್ತಾರೆ. ಕಿತ್ತೂರ ಮನೆತನದ ಮೂಲಪುರುಷರು ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿಗಳೆಂದೂ, ೧೭೮೨ರಿಂದ ೧೮೧೬ರವರೆಗೆ ಆಳಿದ ದೇಸಾಯಿಯ ಹೆಸರು ಮಲ್ಲಸರ್ಜನೆಂದೂ ತೋರಿಸಿ, ಇದು ಮಲ್ಲರ ಮನೆತನವೇ ಇರಬೇಕೆಂದು ವಾದಿಸುವುದನ್ನು ನಾವು ಕೇಳಿದ್ದೇವೆ. ಶಿವಭಕ್ತರ ಮನೆಯಲ್ಲಿ ಮಲ್ಲನೆಂಬುದು ಮಲ್ಲಿಕಾರ್ಜುನನ ಹೆಸರಾಗಿರುವುದೇ ಹೆಚ್ಚು ಸಂಭವ. ಹೆಸರಿನ ಮೇಲೆ ಇತಿಹಾಸವನ್ನು ಕಟ್ಟುವವರು ಊರಿನಲ್ಲಿ ಎಷ್ಟು ಮಲ್ಲಪ್ಪಗಳು ಕುಸ್ತಿಯನ್ನೇ ಹಿಡಿಯದೆ ತೀರಿಹೋದರೆಂಬುದನ್ನು ಒಮ್ಮೆ ಎಣಿಸಿ ನೋಡಬೇಕು.

ಕಿತ್ತೂರಿನ ವಿಷಯದಲ್ಲಿ ಹೆಸರಿಗಿಂತ ಗಟ್ಟಿಯಾದ ಆಧಾರ ರಾಯಣ್ಣನ ಜೀವನವೇ. ಅವನನ್ನು ಆಸ್ಥಾನದ ಜಟ್ಟಿಯಂತೆ ಚಿತ್ರಿಸುವ ರೂಢಿ ನಾಟಕಗಳಿಂದ ಬಂದುದು. ಅವನು ಊರ ಕಾವಲಿನ ವಾಲೀಕಾರರ ಮನೆತನದವನು, ಶೇತಸನದಿ. ಶೇತಸನದಿಯೆಂದರೆ ಹೊಲದ ಸನದನ್ನು ಪಡೆದು, ಅದಕ್ಕೆ ಪ್ರತಿಯಾಗಿ ಕಾವಲು, ದಂಡು ಮುಂತಾದ ಸೇವೆಗಳನ್ನು ಸಲ್ಲಿಸುವವನು. ಇಲ್ಲಿ ಅನ್ನದ ದಾರಿ ಬೇರೆಯಾಗಿದೆಯೆಂಬುದನ್ನು ಗಮನಿಸಬೇಕು. ಹಂಪೆಯ ಮಲ್ಲನಿಗೆ ಅರಮನೆಯಿಂದ ಅನ್ನ ಬರುತ್ತಿತ್ತು. ಶೇತಸನದಿಗೆ ತನ್ನದೇ ಹೊಲದಿಂದ. ಒಬ್ಬನಿಗೆ ಬೇರೆ ಸೇವೆಯಿರಲಿಲ್ಲ. ಇನ್ನೊಬ್ಬನ ತಾಲೀಮಿನ ಪ್ರಯೋಜನವೇ ಸೇವೆ. ಆದುದರಿಂದ ಸಂಗೊಳ್ಳಿಯ ಗರಡಿಯನ್ನು ಆಟದ ಮನೆಯೆಂದು ತಿಳಿಯದೆ, ಸನದಿನ ಹೊಲಕ್ಕೆ ಕೂಡಿಕೊಂಡ ಸಿಪಾಯಿಶಾಲೆಯೆಂದು ತಿಳಿಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ೧೮೨೪ರ ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಗುಂಡಿಕ್ಕಿ ಕೊಂದನೆಂದು ಪ್ರಸಿದ್ಧನಾದ ಅಮಟೂರ ಬಾಳಪ್ಪನೂ ಇದೇ ಬೈಲಹೊಂಗಲ ತಾಲ್ಲೂಕಿನ ಹಳ್ಳಿಯವನು. ಅಂದು ಹೋರಾಡಿದ ಮೈಗಳು ಇಂಥ ಹಳ್ಳಿಗಳಲ್ಲಿ ಬೆಳೆದವು.

ಆ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ಚೆನ್ನಮ್ಮ ರಾಣಿಯು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡಳು. ಕಂಪನಿ ಸರಕಾರವು ರಾಯಣ್ಣನ ಜಮೀನನ್ನು ಕಸಿದುಕೊಂಡು ಉಳಿದುದರ ಮೇಲೆ ಭಾರಿ ತೆರಿಗೆಯನ್ನು ಹೇರಿತು. ಅವನ ಬಂಡಾಯಕ್ಕೆ ಸ್ವಾಮಿನಿಷ್ಠೆ ಕಾರಣವೆಂದು ನಾವೆಲ್ಲರೂ ಕಲಿಸುತ್ತೇವೆ, ಅದು ನಿಜವೇ. ಆದರೆ ಹೊಲ ಹೋದಾಗ ಹೋದುದು ಬರಿಯ ಫಸಲಲ್ಲ, ಗರಡಿಯ ಅನ್ನವೂ ಹೌದು ಎಂಬುದನ್ನು ಕಲಿಸುವುದಿಲ್ಲ. ಇಂಥ ಹೊಲ ಕಳೆದುಕೊಂಡ, ತಾಲೀಮು ಮಾಡಿದ ಮೈಗಳೇ ಅವನ ದಂಡಿಗೆ ಸೇರಿರಬೇಕು. ೧೮೩೦ರ ಏಪ್ರಿಲಿನಲ್ಲಿ ಅವನು ಮೋಸದಿಂದ ಸೆರೆಸಿಕ್ಕನು. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಮುಂದಿನ ಮೂವತ್ತು ವರ್ಷಗಳನ್ನು ಬೇಗ ದಾಟಬಹುದು. ೧೮೫೭ರ ನವೆಂಬರಿನಲ್ಲಿ ನಿಃಶಸ್ತ್ರೀಕರಣವನ್ನು ವಿರೋಧಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಎದ್ದರು. ೧೮೫೮ರ ಮೇ ೨೯ರ ರಾತ್ರಿ ಈಗ ರಾಮದುರ್ಗ ತಾಲ್ಲೂಕಿನಲ್ಲಿರುವ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನು ನರಗುಂದದ ಬಾಬಾಸಾಹೇಬನ ಜನರಿಂದ ಹತನಾದನು. ಜೂನ್ ೧೨ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ನರಗುಂದ ಸಂಸ್ಥಾನ ಅಳಿಯಿತು. ಅದೇ ಭಾವೆ ಮನೆತನದ ರಾಮದುರ್ಗ ಸಂಸ್ಥಾನ ಆಂಗ್ಲರ ಪಕ್ಷದಲ್ಲಿದ್ದು ಉಳಿಯಿತು. ಖಡ್ಗ, ಬಂದೂಕುಗಳು ಸರಕಾರದ ವಶವಾದ ಮೇಲೆ ಗರಡಿಯಲ್ಲಿ ಉಳಿದುದು ಕೈಕಾಲುಗಳ ವಿದ್ಯೆಯೊಂದೇ. ಯುದ್ಧದ ಸಿದ್ಧತೆಯ ಒಂದು ಅಂಗವಾಗಿದ್ದ ಕುಸ್ತಿಯು ಆಗ ಸ್ವತಂತ್ರವಾದ ಪ್ರದರ್ಶನವಾಯಿತೆಂದು ನಾವು ಊಹಿಸುತ್ತೇವೆ.

ಉಳಿದ ಸಂಸ್ಥಾನಿಕರ ಸ್ಥಿತಿಯೂ ವಿಚಿತ್ರವಾಗಿತ್ತು. ರಾಮದುರ್ಗ, ಜಮಖಂಡಿ, ಮುಧೋಳ, ಸಾಂಗಲಿ, ಮಿರಜ, ಕೊಲ್ಹಾಪುರ, ಇವರಿಗೆಲ್ಲ ಸಿಂಹಾಸನವಿತ್ತು, ತಮ್ಮ ಇಚ್ಛೆಯಂತೆ ಯುದ್ಧ ಮಾಡುವ ಹಕ್ಕಿರಲಿಲ್ಲ. ಯುದ್ಧವಿಲ್ಲದ ರಾಜನಿಗೆ ಮಲ್ಲನು ಒಂದು ಅನುಕೂಲ. ನೆರೆಯ ಸಂಸ್ಥಾನದ ಪೈಲವಾನನನ್ನು ತನ್ನ ಪೈಲವಾನನು ಚಿತ್ತು ಮಾಡಿದರೆ ರೆಸಿಡೆಂಟನು ಆಕ್ಷೇಪಿಸುವಂತಿಲ್ಲ. ಜಯ ಮಾತ್ರ ಜಯವೇ. ಈ ಪೈಪೋಟಿಯಲ್ಲಿ ಎಲ್ಲರನ್ನೂ ಮೀರಿಸಿದವರು ೧೮೯೪ರಿಂದ ೧೯೨೨ರವರೆಗೆ ಆಳಿದ ಕೊಲ್ಹಾಪುರದ ಶಾಹೂ ಛತ್ರಪತಿಗಳು. ಸ್ವತಃ ಕುಸ್ತಿ ಬಲ್ಲ ಅವರು ೧೯೦೨ರ ಯುರೋಪ ಪ್ರವಾಸದಲ್ಲಿ ರೋಮಿನ ಪುರಾತನ ರಂಗಭೂಮಿಯನ್ನು ಕಂಡು ಬಂದು, ಅದರ ಸ್ಫೂರ್ತಿಯಿಂದ ಖಾಸಬಾಗ ಮೈದಾನವನ್ನು ಕಟ್ಟಿಸಿದರೆಂದು ಪ್ರಸಿದ್ಧಿ. ಅದು ೧೯೧೨ರಲ್ಲಿ ಮುಗಿಯಿತು. ಈ ಕೊಲ್ಹಾಪುರವು ನಮ್ಮ ಸೀಮೆಗೆ ಪರದೇಶವಾಗಿರಲಿಲ್ಲ. ಈಗ ರಾಮದುರ್ಗ ತಾಲ್ಲೂಕಿಗೆ ಸೇರಿದ ತೊರಗಲ್ಲು ಆಗ ಕೊಲ್ಹಾಪುರಕ್ಕೆ ಅಧೀನವಾದ ಜಹಗೀರು. ಮಲಪ್ರಭೆಯ ದಂಡೆಯ ಹುಡುಗನಿಗೆ ಧಾರವಾಡದ ಕಾಲೇಜು ವಿದ್ಯೆಯ ಕೊನೆಯ ಮೆಟ್ಟಿಲಾಗಿದ್ದಂತೆ, ಕೊಲ್ಹಾಪುರದ ತಾಲೀಮು ಕುಸ್ತಿಯ ಕೊನೆಯ ಮೆಟ್ಟಿಲಾಗಿತ್ತು.

ಸಂಸ್ಥಾನದ ಮಲ್ಲನ ಜೀವಿತವನ್ನು ತುಂಬಾ ಸ್ಪಷ್ಟವಾಗಿ ತೋರಿಸುವವನು ಗಾಮಾ. ದತಿಯಾ, ಪಟಿಯಾಲಾ ದರಬಾರುಗಳ ಆಶ್ರಯದಲ್ಲಿ ಬೆಳೆದ ಅವನು ೧೯೧೦ರಲ್ಲಿ ಬಂಗಾಲದ ಶ್ರೀಮಂತರೊಬ್ಬರ ನೆರವಿನಿಂದ ಲಂಡನ್ನಿಗೆ ಹೋಗಿ, ಆ ವರ್ಷದ ಸೆಪ್ಟೆಂಬರ್ ೧೦ರಂದು ಪೋಲೆಂಡಿನ ಭಾರಿ ಮಲ್ಲ ಜಿಬಿಸ್ಕೊನೊಡನೆ ಎರಡೂವರೆ ಗಂಟೆಗೂ ಹೆಚ್ಚು ಕಾಲ ಸೆಣಸಿದನು, ನಿರ್ಣಯವಾಗಲಿಲ್ಲ. ಒಂದು ವಾರದ ಬಳಿಕ ಜಿಬಿಸ್ಕೊ ಕಣಕ್ಕೇ ಬರಲಿಲ್ಲ. ೧೯೨೮ರಲ್ಲಿ ಪಟಿಯಾಲಾದಲ್ಲಿ ಮತ್ತೆ ಕೂಡಿದಾಗ ಗಾಮಾನು ಅವನನ್ನು ಒಂದು ನಿಮಿಷದೊಳಗೆ ಕೆಡವಿದನು. ಇಷ್ಟನ್ನು ಎಲ್ಲರೂ ಬಲ್ಲರು. ದೇಶವಿಭಜನೆಯ ಬಳಿಕ ಲಾಹೋರಿನಲ್ಲಿ, ಪೋಷಕ ದರಬಾರಿನಿಂದ ದೂರವಾಗಿ, ರೋಗ ಮತ್ತು ಬಡತನಗಳಲ್ಲಿ ಅವನ ಕೊನೆಯ ವರ್ಷಗಳು ಕಳೆದುದನ್ನೂ, ೧೯೬೦ರಲ್ಲಿ ಅವನು ತೀರಿಕೊಂಡುದನ್ನೂ ನೆನೆಯುವವರು ಕಡಿಮೆ. ಅವನ ತೋಳಿಗೆ ಸೋಲು ಬರಲಿಲ್ಲ. ಅಡಿಗೆಮನೆ ಮುಚ್ಚಿತು, ಅಷ್ಟೆ.

ಪೋಷಕನ ಕೃಪೆಗಿಂತ ಪ್ರೇಕ್ಷಕನ ಟಿಕೆಟ್ಟು ಭದ್ರವೆಂದು ಹೇಳುವವರಿದ್ದಾರೆ. ಪಾಶ್ಚಾತ್ಯ ಮುಷ್ಟಿಯುದ್ಧದ ಉದಾಹರಣೆಯನ್ನು ಅದಕ್ಕೆ ಕೊಡುತ್ತಾರೆ. ೧೮೬೭ರ ಕ್ವೀನ್ಸ್‌ಬರಿ ನಿಯಮಗಳು ಕೈಗವಸನ್ನು ಕಡ್ಡಾಯ ಮಾಡಿದ ಮೇಲೆ ಅದು ಮೆಲ್ಲಮೆಲ್ಲನೆ ಊರಾಚೆಯ ಗುಟ್ಟಿನ ಹೊಡೆದಾಟವೆಂಬ ಹೆಸರನ್ನು ಕಳಚಿಕೊಂಡು ಸಭಾಂಗಣದ ವ್ಯಾಪಾರವಾಯಿತು. ೧೮೯೨ರ ಸೆಪ್ಟೆಂಬರ್ ೭ರಂದು ನ್ಯೂ ಓರ್ಲಿಯನ್ಸಿನಲ್ಲಿ ಹೆವಿವೇಟ್ ಪಟ್ಟಕ್ಕಾಗಿ ಸಲ್ಲಿವನ್ನನನ್ನು ಕಾರ್ಬೆಟ್ಟನು ೨೧ನೆಯ ಸುತ್ತಿನಲ್ಲಿ ಕೆಡವಿದಾಗ ಬಹುಮಾನದ ಹಣವೇ ೨೫,೦೦೦ ಡಾಲರು, ಇಬ್ಬರ ಪಣ ತಲಾ ೧೦,೦೦೦ ಡಾಲರು. ಇಂಥ ಹಣವನ್ನು ನಮ್ಮ ಯಾವ ಸಂಸ್ಥಾನಿಕನೂ ಒಂದು ಕುಸ್ತಿಗೆ ಕೊಟ್ಟಿರಲಾರನು. ಆದರೆ ಇದೇ ಪಟ್ಟವನ್ನು ೧೯೩೭ರಿಂದ ೧೯೪೯ರವರೆಗೆ ಬಿಡದೆ ಹಿಡಿದ ಜೋ ಲೂಯಿಸನ ಕಥೆಯೇನು? ೧೯೪೨ರಲ್ಲಿ ಎರಡು ಕಾಳಗಗಳ ಗಳಿಕೆಯನ್ನು ನೌಕಾದಳ ಮತ್ತು ಭೂಸೈನ್ಯಗಳ ಪರಿಹಾರನಿಧಿಗಳಿಗೆ ಅವನು ಕೊಟ್ಟುಬಿಟ್ಟನು. ಯುದ್ಧ ಮುಗಿದ ಮೇಲೆ ತೆರಿಗೆಯ ಬಾಕಿ ಅವನನ್ನು ಮುತ್ತಿತು. ನಿವೃತ್ತನಾದವನು ಮರಳಿ ಬಂದು ೧೯೫೧ರಲ್ಲಿ ಮಾರ್ಸಿಯಾನೊನಿಂದ ನೆಲಕ್ಕುರುಳಿದನು. ೧೯೫೬ರಲ್ಲಿ ಹಣಕ್ಕಾಗಿ ಆ ಮುಷ್ಟಿಮಲ್ಲನು ಕುಸ್ತಿಯ ಪ್ರದರ್ಶನಗಳಿಗೂ ಇಳಿಯಬೇಕಾಯಿತು. ಕಡೆಗೆ ಲಾಸ್ ವೇಗಸಿನ ಹೋಟೆಲೊಂದರಲ್ಲಿ ಬಂದವರನ್ನು ಸ್ವಾಗತಿಸುವ ಕೆಲಸದಲ್ಲಿದ್ದನು. ದರಬಾರಿನ ಮಲ್ಲನೂ ಟಿಕೆಟ್ಟಿನ ಮಲ್ಲನೂ ಮೂವತ್ತೈದರ ಪ್ರಾಯಕ್ಕೆ ಒಂದೇ ಕಡೆ ಬಂದು ನಿಲ್ಲುತ್ತಾರೆ. ಮೈ ಇಳಿಯುತ್ತದೆ, ಹಸಿವು ಇಳಿಯುವುದಿಲ್ಲ.

ನಮ್ಮ ಸೀಮೆಯ ಪೈಲವಾನರಿಗೆ ದರಬಾರು ಮುಚ್ಚಿದ ದಿನಾಂಕವನ್ನು ನಿಶ್ಚಿತವಾಗಿ ಹೇಳಬಹುದು. ೧೯೪೮ರ ಮಾರ್ಚಿಯಲ್ಲಿ ರಾಮದುರ್ಗವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೪೯ರ ಮಾರ್ಚಿ ೧ರಂದು ಕೊಲ್ಹಾಪುರ. ೧೯೫೨ರ ಮುಂಬಯಿ ವೈಯಕ್ತಿಕ ಇನಾಮು ರದ್ದತಿ ಕಾಯ್ದೆಯು ಪೋಷಕರಾಗಿದ್ದ ಇನಾಮದಾ‍ರರ ಕೈಯನ್ನೂ ಮೊಟಕುಮಾಡಿತು. ಈ ಕಾಯ್ದೆಗಳು ನ್ಯಾಯವಾದವು, ಉಳುವವನಿಗೆ ಬೇಕಾದವು. ೧೯೩೯ರಲ್ಲಿ ರಾಮದುರ್ಗದ ಪ್ರಜೆಗಳು ಏನನ್ನು ವಿರೋಧಿಸಿ ಎದ್ದರೆಂಬುದನ್ನು ಬಲ್ಲ ನಾವು ಸಂಸ್ಥಾನಗಳಿಗಾಗಿ ಕಣ್ಣೀರಿಡಲಾರೆವು. ಆದರೆ ಆ ದರಬಾರುಗಳ ಜೊತೆಗೆ ಒಂದು ಉದ್ಯೋಗವೂ ಅಳಿಯಿತೆಂಬುದನ್ನು ಯಾವ ವಿಲೀನಪತ್ರದಲ್ಲಿಯೂ ಬರೆಯಲಿಲ್ಲ.

ಆ ತಲೆಮಾರಿನ ಎರಡು ಉದಾಹರಣೆಗಳನ್ನು ನೋಡೋಣ. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು ಕೊಲ್ಹಾಪುರದಲ್ಲಿ ಕಲಿತವರು. ೧೯೪೮ರ ಲಂಡನ್ ಒಲಿಂಪಿಕ್ಕಿಗೆ ಅವರ ವೆಚ್ಚವನ್ನು ಕೊಲ್ಹಾಪುರದ ಮಹಾರಾಜರು ವಹಿಸಿದರು. ೧೯೫೨ರ ಹೆಲ್ಸಿಂಕಿಗೆ ಹೋಗುವಾಗ ಮಹಾರಾಜರ ರಾಜ್ಯವಿರಲಿಲ್ಲ. ಜನರಿಂದ ಚಂದಾ ಎತ್ತಬೇಕಾಯಿತು, ಅವರ ಕಾಲೇಜಿನ ಪ್ರಾಚಾರ್ಯರಾಗಿದ್ದವರು ತಮ್ಮ ಮನೆಯನ್ನು ಒತ್ತೆಯಿಟ್ಟು ೭,೦೦೦ ರೂಪಾಯಿ ಕೊಟ್ಟರು. ಜಾಧವರು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವನ್ನು ತಂದರು. ನಾಲ್ಕು ವರ್ಷಗಳಲ್ಲಿ ಪೋಷಕನ ಸ್ಥಾನವು ಅರಮನೆಯಿಂದ ಒಬ್ಬ ಅಧ್ಯಾಪಕನ ಮನೆಗೆ ಬಂದುದನ್ನು ನಮ್ಮ ವೃತ್ತಿಯವರು ಹೆಮ್ಮೆಯಿಂದ ನೆನೆಯಬಹುದು. ಅವರದು ೫೭ ಕಿಲೋ ಒಳಗಿನ ಬಾಂಟಮ್‌ವೇಟ್ ವರ್ಗ. ಇಷ್ಟು ಹಗುರ ಮೈಯವರಿಗೆ ನಮ್ಮ ಜಾತ್ರೆಯಲ್ಲಿ ಕಡೆಯ ಕುಸ್ತಿ ಸಿಕ್ಕುವುದೇ ದುರ್ಲಭ. ತಕ್ಕಡಿಯು ಅವರಿಗೆ ನ್ಯಾಯ ಮಾಡಿತು.

ಎರಡನೆಯವರು ನಮ್ಮ ಜಿಲ್ಲೆಯವರೇ. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬೆಯಲ್ಲಿ ೧೯೩೪ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಹಾಪುರದ ಶಾಹುಪುರಿ ತಾಲೀಮಿನಲ್ಲಿ ಬೆಳೆದರು. ಸಂಸ್ಥಾನದ ವಿಲೀನವಾದಾಗ ಅವರು ಇನ್ನೂ ಹದಿನೈದು ತುಂಬದ ಬಾಲಕರು. ದರಬಾರಿಲ್ಲದ ಕಾಲದ ಭಾರಿ ಮಲ್ಲನಿಗೆ ಯಾವ ದಾರಿ ಉಳಿದಿತ್ತೆಂಬುದನ್ನು ಅವರ ಜೀವನ ತೋರಿಸುತ್ತದೆ. ೧೯೫೯ರಲ್ಲಿ ದೆಹಲಿಯಲ್ಲಿ ಪಂಜಾಬದ ಬಂತಾಸಿಂಗನನ್ನು ಸೋಲಿಸಿ ಅವರು ಹಿಂದ ಕೇಸರಿ ಬಿರುದನ್ನು ಪಡೆದರು. ಕರ್ನಾಟಕ ಕೇಸರಿ ಎಂಬ ಬಿರುದೂ ಅವರದಾಯಿತು. ಕೇಸರಿ ಎಂಬ ಈ ಬಿರುದುಗಳ ಅರ್ಥವನ್ನು ಇಲ್ಲಿ ವಿಚಾರಿಸಬೇಕು. ಹಿಂದೆ ಮಲ್ಲನ ಹೆಸರಿನ ಮುಂದೆ ಸಂಸ್ಥಾನದ ಹೆಸರಿರುತ್ತಿತ್ತು. ಅದು ಅನ್ನದ ವಿಳಾಸ. ಈಗ ನಾಡಿನ, ದೇಶದ ಹೆಸರು ಬಂದಿತು. ಮಾನ ಹಿರಿದಾಯಿತು, ಆದರೆ ದೇಶವೆಂಬುದು ದಿನವೂ ಹಾಲು ಅಳೆಯುವ ಪೋಷಕನಲ್ಲ. ಬಿರುದು ಮಾಡಿದ ಉಪಕಾರವೆಂದರೆ ಮೈದಾನಗಳಲ್ಲಿ, ಜಾತ್ರೆಗಳಲ್ಲಿ ಪೈಲವಾನನ ಬೆಲೆಯನ್ನು ಏರಿಸಿದ್ದು. ಹೀಗೆ ವೃತ್ತಿಯು ತಿಂಗಳ ಸಂಬಳದಿಂದ ದಿನದ ಬಹುಮಾನಕ್ಕೆ ತಿರುಗಿತು. ೧೯೬೭ ಮತ್ತು ೧೯೬೮ರಲ್ಲಿ ಮಹಾರಾಷ್ಟ್ರ ಕೇಸರಿಯಾದ ಚಂಬಾ ಮುತ್ನಾಳ ಎಂಬ ಹೆಸರಿನಲ್ಲಿ ಬೆಳಗಾವಿ ತಾಲ್ಲೂಕಿನ ಊರೊಂದರ ಹೆಸರು ಸೇರಿಕೊಂಡಿದೆ. ಗಡಿಯನ್ನು ಕುರಿತ ವಾದವು ಎಷ್ಟು ತೀವ್ರವಾಗಿದ್ದ ವರ್ಷಗಳಲ್ಲಿ ಇದು ನಡೆಯಿತೆಂಬುದನ್ನು ಬಲ್ಲವರಿಗೆ ಕಣದ ಮಣ್ಣಿಗೆ ಗಡಿಯಿರಲಿಲ್ಲವೆಂಬುದು ಸೋಜಿಗವೆನಿಸೀತು. ಖಂಚನಾಳೆಯವರು ೨೦೨೦ರ ಡಿಸೆಂಬರಿನಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಕೊಲ್ಹಾಪುರದಲ್ಲಿ ನಿಧನರಾದರು.

ಈಗ ಪೋಷಕರು ಮೂವರು. ಒಬ್ಬನು ಸರಕಾರ: ಮಾಜಿ ಕುಸ್ತಿಪಟುಗಳಿಗೆ ಕರ್ನಾಟಕ ಸರಕಾರದ ಮಾಸಾಶನವಿದೆ, ಕ್ರೀಡಾ ವಸತಿನಿಲಯಗಳಿವೆ, ಅಲ್ಲಿ ಮಣ್ಣಿನ ಬದಲು ಮ್ಯಾಟು, ಕಣ್ಣಳತೆಯ ಬದಲು ತಕ್ಕಡಿ. ಎರಡನೆಯವನು ಪೊಲೀಸು, ರೈಲ್ವೆ, ಸೈನ್ಯಗಳಲ್ಲಿ ದೊರೆಯುವ ನೌಕರಿ; ಶೇತಸನದಿಯ ಹೊಲವು ಸಂಬಳದ ರೂಪದಲ್ಲಿ ಮರಳಿ ಬಂದಂತಾಗಿದೆ. ಮೂರನೆಯವನು ಹಳೆಯವನೇ, ಊರ ಜಾತ್ರೆ. ಗೊಡಚಿಯ ವೀರಭದ್ರನ ಜಾತ್ರೆಯ ಹೊಸ್ತಿಲ ಹುಣ್ಣಿಮೆಯಿಂದ ಸವದತ್ತಿ ಯಲ್ಲಮ್ಮನ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳನ್ನು ದಾಟಿ ಯುಗಾದಿಯ ಆಚೆಗೂ ಈ ಸೀಮೆಯಲ್ಲಿ ಜಾತ್ರೆಯ ಋತು. ಊರೂರ ಕಣಗಳಲ್ಲಿ ಹಲಗೆಯ ಸದ್ದು ಕೇಳುವುದೂ ಆಗಲೇ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಅಂಟುತ್ತದೆ. ಆದುದರಿಂದ ಕಣಕ್ಕೆ ಕೆಮ್ಮಣ್ಣನ್ನು ಹೊರಗಿನಿಂದ ತಂದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡುತ್ತಾರೆ. ಆ ಮಣ್ಣಿನ ಬಂಡಿಯ ಬಾಡಿಗೆಯಿಂದ ಮೊದಲಾಗಿ ಎಲ್ಲವೂ ಊರ ಚಂದಾದಿಂದ ನಡೆಯುತ್ತದೆ.

ಈ ಚಂದಾದ ಲೆಕ್ಕವು ಇತಿಹಾಸಕಾರನಿಗೆ ಒಂದು ದಾಖಲೆಯಾಗಿ ಸಿಕ್ಕುತ್ತದೆ. ಪ್ರತಿ ಜಾತ್ರೆಗೂ ‘ಜಂಗೀ ನಿಕಾಲಿ ಕುಸ್ತಿಗಳು’ ಎಂಬ ತಲೆಬರಹದ ಹಸ್ತಪತ್ರಿಕೆಯನ್ನು ಅಚ್ಚು ಮಾಡಿಸಿ ಬಸ್ ನಿಲ್ದಾಣದ ಗೋಡೆಗಳಿಗೆ ಅಂಟಿಸುತ್ತಾರೆ. ಅದರಲ್ಲಿ ಪೈಲವಾನನ ಹೆಸರು, ಊರು, ತಾಲೀಮು, ಎದುರಾಳಿಯ ಹೆಸರು, ಬಹುಮಾನದ ಮೊತ್ತ, ಆ ಹಣವನ್ನು ಕೊಟ್ಟವರ ಹೆಸರುಗಳು ಸಾಲಾಗಿರುತ್ತವೆ. ಮಾನಸೋಲ್ಲಾಸದ ಊಟದ ಪಟ್ಟಿಯು ಎಷ್ಟು ಬೆಲೆಯುಳ್ಳದ್ದೋ ಈ ಕಾಗದವೂ ಅಷ್ಟೇ ಬೆಲೆಯುಳ್ಳದ್ದು. ಜಟ್ಟಿಯೂ ಅವನ ಅನ್ನದಾತನೂ ಅಲ್ಲಿ ಒಂದೇ ಪುಟದಲ್ಲಿದ್ದಾರೆ. ಆದರೆ ಮುಂದಿನ ಮಳೆಗಾಲಕ್ಕೆ ಅದು ಗೋಡೆಯಲ್ಲಿರುವುದಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರ ಜಾತ್ರೆಯ ಪತ್ರಿಕೆಗಳನ್ನು ವರ್ಷವಾರು ಕೂಡಿಡಬಹುದು. ಹಳೆಯ ಮುದ್ರಣಾಲಯಗಳಲ್ಲಿ, ಜಾತ್ರಾ ಸಮಿತಿಯವರ ಟ್ರಂಕುಗಳಲ್ಲಿ ಹಿಂದಿನ ಪ್ರತಿಗಳಿವೆಯೇ ಎಂದು ವಿಚಾರಿಸುವ ಕೆಲಸವನ್ನು ಈ ಸುಗ್ಗಿಯ ರಜೆಯಲ್ಲಿಯೇ ಆರಂಭಿಸಬಹುದು.